ಮರದ ಬಟ್ಟಲು ಯಾಕೆ ಅಂಟುತ್ತಿದೆ? ಫಿನಿಶ್ ಕೆಟ್ಟಾಗ ತಪ್ಪು ಹುಡುಕುವ ದಾರಿ

ಬಟ್ಟಲು ಕಡೆದು ಮೂರು ವಾರ ಆಯಿತು. ಎಣ್ಣೆ ಹಚ್ಚಿದ ದಿನ ಫಳಫಳ ಹೊಳೆಯುತ್ತಿತ್ತು. ಇವತ್ತು ಅದನ್ನು ಎತ್ತಲು ಹೋದರೆ ಕೆಳಗೆ ಹಾಸಿದ್ದ ಪೇಪರ್ ಕೂಡ ಜೊತೆಗೇ ಎದ್ದು ಬರುತ್ತದೆ. ಹೆಬ್ಬೆರಳು ಒತ್ತಿದರೆ ರೇಖೆಗಳೆಲ್ಲ ಅಚ್ಚು ಬಿದ್ದ ಹಾಗೆ ಮೂಡುತ್ತವೆ. ಇಂಥ ಹೊತ್ತಲ್ಲಿ ನಾವೆಲ್ಲ ಮೊದಲು ಡಬ್ಬಿಯನ್ನು ಬೈಯುತ್ತೇವೆ, ಆಮೇಲೆ ಅದರ ಮೇಲೆ ಇನ್ನೊಂದು ಕೋಟ್ ಬಳಿಯುತ್ತೇವೆ. ಬೈಯುವುದಕ್ಕೆ ನನ್ನ ಅಭ್ಯಂತರ ಇಲ್ಲ. ಇನ್ನೊಂದು ಕೋಟ್ ಮಾತ್ರ ದಯವಿಟ್ಟು ಬೇಡ. ಒಣಗದ ಲೇಪದ ಮೇಲೆ ಮತ್ತೆ ಬಳಿದರೆ ಕೆಳಗಿನದಕ್ಕೆ ಸಿಗುತ್ತಿದ್ದ ಗಾಳಿಯೂ ನಿಂತುಹೋಗುತ್ತದೆ.

ನಾನು ನೋಡಿದ ಮಟ್ಟಿಗೆ ಡಬ್ಬಿಯೊಳಗಿನ ಮಾಲು ಕೆಟ್ಟಿರುವುದು ಅಪರೂಪ. ತಪ್ಪು ಹೆಚ್ಚಾಗಿ ಲೇಪದ ಕೆಳಗಿರುತ್ತದೆ. ಮರ ಒಣಗಿರುವುದಿಲ್ಲ, ಉಜ್ಜಿದ್ದು ಸಾಲದು, ಇಲ್ಲವೇ ಆ ಬಟ್ಟಲಿಗೆ ಆ ಎಣ್ಣೆಯೇ ಸರಿಹೋಗುವುದಿಲ್ಲ. ಹಾಗಾಗಿ ಏನೂ ಬಳಿಯುವ ಮುಂಚೆ ಪತ್ತೆ ಕೆಲಸ ಮಾಡೋಣ.

ಮೊದಲು: ಮೇಲೆ ಇರುವುದು ಏನು?

ನೀವೇ ಹಚ್ಚಿದ್ದಾದರೆ ಗೊತ್ತಿರುತ್ತದೆ. ಬೇರೆಯವರು ಕಡೆದ ಬಟ್ಟಲು ರಿಪೇರಿಗೆ ಬಂದಿದ್ದರೆ ಗೊತ್ತಿರುವುದಿಲ್ಲ. ಬಟ್ಟಲನ್ನು ಬೋರಲು ಹಾಕಿ, ತಳದಲ್ಲಿ ಕಣ್ಣಿಗೆ ಬೀಳದ ಜಾಗ ಆರಿಸಿಕೊಳ್ಳಿ. ಮೊದಲು ಒಂದು ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ. ಬಟ್ಟೆಗೆ ಎಣ್ಣೆ ಹತ್ತಿದರೆ ಒಣಗುವ ಗುಣವೇ ಇಲ್ಲದ ಎಣ್ಣೆ ಇರಬಹುದು, ಇಲ್ಲವೇ ಒಣಗುವ ಎಣ್ಣೆಯೇ ಇನ್ನೂ ಒಣಗದೆ ಉಳಿದಿರಬಹುದು. ಬಟ್ಟೆ ಬೆಳ್ಳಗೇ ಉಳಿದರೆ ಒಂದು ಹನಿ ಸ್ಪಿರಿಟ್ (ಆಲ್ಕೋಹಾಲ್) ಬಿಡಿ. ಒಂದು ನಿಮಿಷ ಕಾದು ಬೆರಳಿಂದ ಮುಟ್ಟಿ. ಮೆತ್ತಗಾಗಿ ಅಂಟಿದರೆ ಅದು ಅರಗು, ಅಂದರೆ ಶೆಲ್ಯಾಕ್. ಏನೂ ಆಗಲಿಲ್ಲ ಅಂದರೆ ಪಕ್ಕದಲ್ಲೇ ಲ್ಯಾಕರ್ ಥಿನ್ನರ್ ಒಂದು ಹನಿ. ಈಗ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್, ಪಾಲಿಯುರೆಥೇನ್ ಅಥವಾ ಚೆನ್ನಾಗಿ ಒಣಗಿದ ಎಣ್ಣೆ. ಸ್ಪಿರಿಟ್ಟೇ ಮೊದಲು ಬರಬೇಕು, ಯಾಕೆಂದರೆ ಥಿನ್ನರ್‌ಗೆ ಅರಗೂ ಮೆತ್ತಗಾಗುತ್ತದೆ. ಮೊದಲೇ ಥಿನ್ನರ್ ಹಾಕಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ವಾರ್ನಿಶ್ಶೋ ಎಣ್ಣೆಯೋ ಎಂದು ತಿಳಿಯಲು ಬಟ್ಟಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮರದ ಸಣ್ಣ ರಂಧ್ರಗಳು ತೆರೆದ ಬಾಯಿಯ ಹಾಗೆ ಕಂಡರೆ ಎಣ್ಣೆ. ಅವುಗಳ ಮೇಲೆ ಗಾಜಿನ ಹಾಳೆ ಹೊದಿಸಿದಂತೆ ಕಂಡರೆ ವಾರ್ನಿಶ್ ಪದರ.

ಅಂಟು ಅಂಟು

ಹೆಚ್ಚು ಜನ ತಲೆ ಕೆಡಿಸಿಕೊಳ್ಳುವ ದೋಷ ಇದು. ಇದಕ್ಕೆ ಕಾರಣ ಒಂದೇ ಅಲ್ಲ.

ಮೊದಲ ಅನುಮಾನ ಎಣ್ಣೆಯ ಜಾತಿಯ ಮೇಲೆ. ನಾವು ‘ಒಣಗಿತು’ ಎನ್ನುತ್ತೇವೆ, ಆದರೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಹೋಗುವುದಿಲ್ಲ. ಅಗಸೆ ಎಣ್ಣೆಯಂಥವು ಗಾಳಿಯ ಆಮ್ಲಜನಕ ಹೀರಿಕೊಂಡು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಹಾಗಾಗಿಯೇ ಒಣಗುವಾಗ ಅಗಸೆ ಎಣ್ಣೆಯ ತೂಕ ಜಾಸ್ತಿ ಆಗುತ್ತದೆ! ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಇದನ್ನು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಲೆಕ್ಕ ಇದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂಬುದೇ ಆ ಸಂಖ್ಯೆ. ಅದು ಸುಮಾರು 130 ದಾಟಿದರೆ ಎಣ್ಣೆ ಒಣಗಿ ಪದರ ಕಟ್ಟುತ್ತದೆ. ಅಗಸೆ ಎಣ್ಣೆಯದು 170ರ ಮೇಲೆ. ಟಂಗ್ ಎಂಬ ಮರದ ಬೀಜದಿಂದ ತೆಗೆಯುವ ಟಂಗ್ ಎಣ್ಣೆಯದು 160ರ ಆಚೆ. ಅಕ್ರೋಟು ಎಣ್ಣೆ 130ರ ಗಡಿ ದಾಟಿ ಒಳಗೆ ಬರುತ್ತದೆ. ಆಲಿವ್ ಎಣ್ಣೆ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಕಡಲೆಕಾಯಿ ಎಣ್ಣೆ 90ರ ಆಸುಪಾಸು. ಕೊಬ್ಬರಿ ಎಣ್ಣೆಯದು ಬರೀ 10 ಅಷ್ಟೇ.

ನಾನು ಮೊದಲು ಕಡೆದ ಬಟ್ಟಲಿಗೆ ಹಚ್ಚಿದ್ದು ಅಡುಗೆಮನೆಯ ಕಡಲೆಕಾಯಿ ಎಣ್ಣೆ. ತಿನ್ನುವ ಎಣ್ಣೆ ತಾನೇ, ಊಟದ ಬಟ್ಟಲಿಗೆ ಇದಕ್ಕಿಂತ ಒಳ್ಳೆಯದು ಬೇಕಾ ಎಂಬ ಲೆಕ್ಕ. ಎರಡು ತಿಂಗಳಾದರೂ ಒಣಗಲಿಲ್ಲ. ಧೂಳು ಹಿಡಿಯಿತು. ಆಮೇಲೆ ಕಮಟು ವಾಸನೆ ಶುರುವಾಯಿತು. ನಿಮ್ಮ ಬಟ್ಟಲಿನದೂ ಇದೇ ಕಥೆಯಾದರೆ ಕಾಯುವುದರಲ್ಲಿ ಅರ್ಥ ಇಲ್ಲ. ಮಿನರಲ್ ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ ಒರೆಸಿ. ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಟ್ಟೆಗೆ ಎಣ್ಣೆ ಬರುವುದು ನಿಂತ ಮೇಲೆ ಒಂದು ವಾರ ಗಾಳಿಗೆ ಇಡಿ, ಆಮೇಲೆ 240 ನಂಬರಿನ ಉಜ್ಜುವ ಕಾಗದದಿಂದ (ಸ್ಯಾಂಡ್‌ಪೇಪರ್) ಲಘುವಾಗಿ ಉಜ್ಜಿ ಮೊದಲಿಂದ ಶುರು ಮಾಡಿ. ಮರದ ಆಳಕ್ಕೆ ಇಳಿದ ಎಣ್ಣೆ ಪೂರ್ತಿ ಹೊರಗೆ ಬರುವುದಿಲ್ಲ, ಕಮಟು ವಾಸನೆಯೂ ಸ್ವಲ್ಪ ಉಳಿಯಬಹುದು. ಅಂಥ ಬಟ್ಟಲನ್ನು ಊಟಕ್ಕೆ ಇಡದೆ ಬೀಗದ ಕೈ, ಚಿಲ್ಲರೆ ಹಾಕಿಡಲು ಇಟ್ಟುಕೊಳ್ಳಿ.

ಎಣ್ಣೆ ಒಣಗುವ ಜಾತಿಯದೇ, ಆದರೂ ಅಂಟುತ್ತಿದೆ ಎಂದರೆ ಎಷ್ಟು ದಪ್ಪ ಹಚ್ಚಿದಿರಿ ಎಂದು ಕೇಳಿಕೊಳ್ಳಿ. ಹಚ್ಚಿ ಹದಿನೈದು ಇಪ್ಪತ್ತು ನಿಮಿಷದ ಮೇಲೆ, ಮರ ಕುಡಿಯದೆ ಬಿಟ್ಟ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಬಟ್ಟಲು ಒಣಗಿದೆಯೇನೋ ಅನ್ನಿಸುವಷ್ಟು ಒರೆಸಬೇಕು. ಮೇಲೆ ನಿಂತ ಎಣ್ಣೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ. ಕೆಲವೊಮ್ಮೆ ಆ ಕೆನೆ ಹಾಲಿನ ಕೆನೆಯ ಹಾಗೇ ಸುಕ್ಕುಗಟ್ಟುತ್ತದೆ. ಇನ್ನೂ ಬರೀ ಜಿಡ್ಡಿದ್ದರೆ ಅದೇ ಎಣ್ಣೆಯನ್ನು ಸ್ವಲ್ಪ ಟರ್ಪೆಂಟೈನ್ ಬೆರೆಸಿ ಹಚ್ಚಿ, ಹಳೆಯದು ಮೆತ್ತಗಾದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಒರೆಸಿಬಿಡಿ. ಸುಕ್ಕು ಬಂದಿದ್ದರೆ ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ.

ಆ ಒರೆಸಿದ ಚಿಂದಿ ಬಟ್ಟೆಯ ಬಗ್ಗೆ ಒಂದು ಮಾತು. ಉಂಡೆ ಕಟ್ಟಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಯಾರೂ ಕಡ್ಡಿ ಗೀರದಿದ್ದರೂ ಕೆಲವೇ ಗಂಟೆಗಳಲ್ಲಿ ಅದು ತಾನಾಗೇ ಹೊತ್ತಿಕೊಳ್ಳಬಹುದು. ಒಂದೊಂದೇ ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ, ಗಟ್ಟಿಯಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಎಣ್ಣೆಯೂ ಸರಿ, ಒರೆಸಿದ್ದೂ ಸರಿ. ಹಾಗಾದರೆ ಹವೆ ನೋಡಿ. ಚಳಿ ಮತ್ತು ತೇವದಲ್ಲಿ ಎಣ್ಣೆ ನಿಧಾನವಾಗಿ ಒಣಗುತ್ತದೆ. ಶುದ್ಧ ಟಂಗ್ ಎಣ್ಣೆಗೆ ಪೂರ್ತಿ ಗಟ್ಟಿಯಾಗಲು ಒಳ್ಳೆಯ ಹವೆಯಲ್ಲೂ ಸುಮಾರು ಒಂದು ತಿಂಗಳು ಬೇಕು. ಹಸಿ ಅಗಸೆ ಎಣ್ಣೆಗೂ ವಾರಗಟ್ಟಲೆ ಬೇಕು. ‘ಕುದಿಸಿದ ಅಗಸೆ ಎಣ್ಣೆ’ ಎಂದು ಮಾರುವುದು ಬೇಗ ಒಣಗುತ್ತದೆ. ಹೆಸರು ಹಾಗಿದ್ದರೂ ಅದನ್ನು ಬರೀ ಕುದಿಸಿರುವುದಿಲ್ಲ, ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಬೆಚ್ಚಗಿನ, ಗಾಳಿಯಾಡುವ ಕೋಣೆಯಲ್ಲಿ ಬಟ್ಟಲನ್ನು ಮೂರು ಮೊಳೆಗಳ ಮೇಲೆ ಕೂರಿಸಿ, ತಳಕ್ಕೂ ಗಾಳಿ ಸಿಗಲಿ. ಮುಚ್ಚಿದ ಕಪಾಟಿನಲ್ಲಿ ಇಟ್ಟು ಒಣಗಲಿಲ್ಲ ಎಂದರೆ ಹೇಗೆ?

ಇಷ್ಟಕ್ಕೂ ಬಗ್ಗದಿದ್ದರೆ ಮರದ ಜಾತಿ ನೋಡಿ. ಬೀಟೆಯಂಥ ಎಣ್ಣೆಯಂಶದ ಮರಗಳಲ್ಲಿ ಆಮ್ಲಜನಕದ ಕೆಲಸವನ್ನೇ ತಡೆಯುವ ಪದಾರ್ಥಗಳಿವೆ. ಅಂಥ ಮರದ ಮೇಲೆ ಒಳ್ಳೆಯ ವಾರ್ನಿಶ್ ಕೂಡ ವಾರಗಟ್ಟಲೆ ಅಂಟಾಗೇ ಇರುತ್ತದೆ. ತೇಗದ ಮೇಲೆ ಪದರ ಸರಿಯಾಗಿ ಹಿಡಿಯದೆ ಹೋಗಬಹುದು. ಹಳೆಯದನ್ನು ತೆಗೆದು, ಅಸಿಟೋನ್‌ನಿಂದ ಒರೆಸಿ, ಅದು ಆರಿದ ಕೂಡಲೇ ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಕೊಡಿ. ಮರದ ಎಣ್ಣೆಗೂ ನಿಮ್ಮ ಲೇಪಕ್ಕೂ ನಡುವೆ ಅದೇ ಗೋಡೆ.

ಅಂಟುತ್ತಿರುವುದು ಅರಗೇ ಆಗಿದ್ದರೆ ಅದರ ವಯಸ್ಸು ಕೇಳಿ. ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗು ತಿಂಗಳುಗಳು ಕಳೆದಂತೆ ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಆರು ತಿಂಗಳು ದಾಟಿದ್ದನ್ನು ಗಾಜಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಉಗುರಿನಿಂದ ಒತ್ತಿ ನೋಡಿ. ಗುಳಿ ಬಿದ್ದರೆ ಬಾಟಲಿ ಸಮೇತ ಬಿಟ್ಟುಬಿಡಿ.

ಎದುರು ಬದುರು ಎರಡು ಕಪ್ಪು ಮಚ್ಚೆ

ಬಟ್ಟಲನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಣ್ಣ ತಿಳಿ, ಸ್ವಲ್ಪ ತಿರುಗಿಸಿದರೆ ಗಾಢ, ಮತ್ತೆ ತಿಳಿ, ಮತ್ತೆ ಗಾಢ. ಒಂದು ಸುತ್ತಿನಲ್ಲಿ ಸರಿಯಾಗಿ ಎರಡು ಗಾಢ ಜಾಗ, ಅದೂ ಎದುರು ಬದುರು. ಇದು ಎಣ್ಣೆಯ ದೋಷ ಅಲ್ಲವೇ ಅಲ್ಲ. ಹಲಗೆಯಿಂದ ಕಡೆದ ಬಟ್ಟಲಿನಲ್ಲಿ ಎರಡು ಕಡೆ ಮರದ ಎಳೆಗಳು ಗೋಡೆಯುದ್ದಕ್ಕೂ ಮಲಗಿರುತ್ತವೆ. ಉಳಿದೆರಡು ಕಡೆ ಎಳೆಗಳ ತುದಿ ಹೊರಗೆ ಕಾಣುತ್ತದೆ, ಹುಲ್ಲಿನ ಕಂತೆಯನ್ನು ಅಡ್ಡಕ್ಕೆ ಕೊಯ್ದರೆ ಕೊಳವೆ ಬಾಯಿ ಕಾಣುವ ಹಾಗೆ. ಆ ಬಾಯಿಗಳು ಎಣ್ಣೆಯನ್ನು ಹೀರಿ ಕುಡಿಯುತ್ತವೆ. ಜಾಸ್ತಿ ಕುಡಿದ ಕಡೆ ಬಣ್ಣ ಗಾಢ.

ಸ್ವಲ್ಪ ವ್ಯತ್ಯಾಸ ಇರುವುದು ಸಹಜ, ನನಗಂತೂ ಅದು ಚೆಂದವೇ. ಆದರೆ ಮಚ್ಚೆ ಒರಟಾಗಿ, ತೇಪೆ ಹಾಕಿದ ಹಾಗೆ ಕಂಡರೆ ಅಲ್ಲಿ ಎಳೆಗಳು ಕಿತ್ತುಬಂದಿವೆ ಎಂದರ್ಥ. ಕಣ್ಣು ಮುಚ್ಚಿ ಬೆರಳಾಡಿಸಿ, ಬೆಕ್ಕಿನ ನಾಲಗೆಯ ಹಾಗೆ ತರಿತರಿಯಾಗಿ ತಾಕುತ್ತದೆ. ಮೊಂಡಾದ ಉಳಿಯ ಕೆಲಸ ಅದು. ಇದನ್ನು ಸ್ಯಾಂಡ್‌ಪೇಪರ್‌ನಿಂದ ಸರಿ ಮಾಡುತ್ತೇನೆಂದು ಅಲ್ಲೇ ಒತ್ತಿ ಒತ್ತಿ ಉಜ್ಜಿದರೆ ಬಟ್ಟಲು ಆ ಜಾಗದಲ್ಲಿ ತಗ್ಗಾಗುತ್ತದೆ, ಅಷ್ಟೇ. ಬಟ್ಟಲನ್ನು ಮತ್ತೆ ಕಡೆಯುವ ಯಂತ್ರಕ್ಕೆ, ಅಂದರೆ ಲೇತ್‌ಗೆ ಸರಿಯಾಗಿ ಕೂರಿಸಲು ಸಾಧ್ಯ ಇದ್ದರೆ ಉಳಿ ಮಸೆದು, ಕೂದಲೆಳೆಯಷ್ಟು ತೆಳುವಾಗಿ ಒಂದು ಸಲ ಎಳೆಯಿರಿ. ಆಮೇಲೆ ಇಡೀ ಬಟ್ಟಲಿಗೆ ತೆಳು ಅರಗು ಕೊಟ್ಟು, ಆರಿದ ಮೇಲೆ ಉಜ್ಜಿ, ಆಮೇಲೆ ಎಣ್ಣೆ. ಅರಗು ಕೊಳವೆಗಳ ಬಾಯಿ ಅರ್ಧ ಮುಚ್ಚುವುದರಿಂದ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಣ್ಣ ಬರುತ್ತದೆ.

ಉಂಗುರದ ಗೆರೆಗಳು

ಎಣ್ಣೆ ಹಚ್ಚುವ ತನಕ ಎಲ್ಲ ನುಣ್ಣಗೆ ಕಂಡಿತ್ತು, ಹಚ್ಚಿದ ಕೂಡಲೇ ಸುತ್ತಲೂ ಗೆರೆ. ಕಾಗದದ ನಂಬರ್ ಹಾರಿಸಿದ್ದೀರಿ. 120ರ ಗೀರನ್ನು 180 ಅಳಿಸಬೇಕು, 180ರದ್ದನ್ನು 240, ಅದರದ್ದನ್ನು 320. ನೇರ 120ರಿಂದ 320ಕ್ಕೆ ಹಾರಿದರೆ ಗೀರಿನ ಏಣುಗಳು ಮಾತ್ರ ಹೊಳೆಯುತ್ತವೆ, ಕಣಿವೆ ಹಾಗೇ ಉಳಿಯುತ್ತದೆ. ಪ್ರತಿ ನಂಬರ್ ಮುಗಿದ ಮೇಲೂ ಲೇತ್ ನಿಲ್ಲಿಸಿ, ಎಳೆಯ ಉದ್ದಕ್ಕೆ ಕೈಯಿಂದ ನಾಲ್ಕು ಸಲ ಉಜ್ಜಿ, ಧೂಳು ಒರೆಸಿ ಮುಂದಕ್ಕೆ ಹೋಗಿ. ಎಣ್ಣೆ ಹಚ್ಚುವ ಮುಂಚೆ ಒಮ್ಮೆ ಟರ್ಪೆಂಟೈನ್ ಸವರಿದರೆ ಅಡಗಿದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಅದು ಆರಿಹೋಗುತ್ತದೆ, ಮರಕ್ಕೆ ತೊಂದರೆ ಇಲ್ಲ. ಕಾಗದ ಹಿಡಿದ ಬೆರಳು ಸುಡುತ್ತಿದ್ದರೆ ವೇಗ ಜಾಸ್ತಿ ಆಯಿತು, ಆ ಬಿಸಿಗೇ ಸಣ್ಣ ಬಿರುಕು ಬಿಡಬಹುದು.

ತೊಳೆದ ಮೇಲೆ ಒರಟಾಯಿತು ಎನ್ನುವುದು ಇದರ ತಮ್ಮ. ನೀರು ತಾಗಿದಾಗ ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಕೊನೆಯ ಕಾಗದದ ಮುಂಚೆ ನೀವೇ ಒದ್ದೆ ಬಟ್ಟೆ ಸವರಿ, ಒಣಗಿಸಿ, ಎದ್ದ ನಾರನ್ನು ಉಜ್ಜಿ ತೆಗೆದುಬಿಡಿ. ಆಮೇಲೆ ಏಳುವುದು ತುಂಬಾ ಕಡಿಮೆ.

ಬಿಳಿ ಮಂಜು, ಬಿಳಿ ಉಂಗುರ

ಸ್ಪ್ರೇ ಲ್ಯಾಕರ್ ಹೊಡೆದ ಕೆಲವೇ ನಿಮಿಷದಲ್ಲಿ ಬಟ್ಟಲು ಹಾಲು ಚೆಲ್ಲಿದ ಹಾಗೆ ಬೆಳ್ಳಗಾದರೆ ಹವೆಯಲ್ಲಿ ತೇವ ಜಾಸ್ತಿ ಇತ್ತು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣನೆಯ ಲೋಟದ ಮೇಲೆ ನೀರಹನಿ ಕೂರುವ ಹಾಗೆ ತೇವ ಅಲ್ಲಿ ಕೂತು ಸಿಕ್ಕಿಹಾಕಿಕೊಳ್ಳುತ್ತದೆ. ಒಣಹವೆಯ ದಿನ ನಿಧಾನವಾಗಿ ಆರುವ ಥಿನ್ನರ್ ಅನ್ನು ತೆಳುವಾಗಿ ಸಿಂಪಡಿಸಿದರೆ ಪದರ ಮತ್ತೆ ಮೆತ್ತಗಾಗಿ ತೇವ ಬಿಟ್ಟುಕೊಡುತ್ತದೆ.

ಬಿಸಿ ಅಥವಾ ಒದ್ದೆ ಪಾತ್ರೆ ಇಟ್ಟ ಜಾಗದಲ್ಲಿ ಉಂಗುರ ಬಿದ್ದರೆ ಅದು ಸಾಮಾನ್ಯವಾಗಿ ಅರಗು. ಸ್ಪಿರಿಟ್ ಸೋಕಿಸಿ ಹಿಂಡಿದ ಬಟ್ಟೆಯನ್ನು ನಿಲ್ಲಿಸದೆ ಸವರಿಕೊಂಡು ಹೋಗಿ, ಹೆಚ್ಚಿನ ಸಲ ಹೋಗಿಬಿಡುತ್ತದೆ. ಒಂದೇ ಕಡೆ ನಿಂತರೆ ಅರಗೇ ಕಿತ್ತುಬರುತ್ತದೆ, ಹುಷಾರು. ಅರಗಿಗೆ ಸೋಪಿನ ಕ್ಷಾರವೂ ಆಗದು. ದಿನಾ ತೊಳೆಯುವ ಬಟ್ಟಲಿಗೆ ಅದನ್ನೇ ಕೊನೆಯ ಕೋಟ್ ಮಾಡಿದರೆ ಈ ಉಂಗುರಗಳು ಬರುತ್ತಲೇ ಇರುತ್ತವೆ.

ಜೇನುಮೇಣ ಹಚ್ಚಿದ ಬಟ್ಟಲು ಮಬ್ಬಾದರೆ ಗಾಬರಿ ಬೇಡ. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬಿಸಿ ಬಿಸಿ ಸಾರು ಹಾಕಿದರೆ ಅದು ಅಲ್ಲಿ ನಿಲ್ಲುತ್ತದಾ? ಒಣ ಬಟ್ಟೆಯಿಂದ ಉಜ್ಜಿ, ಬೇಕಾದರೆ ಮತ್ತೆ ಹಚ್ಚಿ.

ಕಪ್ಪು ಚುಕ್ಕೆ

ಕಪ್ಪು ಚುಕ್ಕೆ ಎರಡು ಥರ. ಒಂದು ಬೂಷ್ಟು, ಇನ್ನೊಂದು ಕಬ್ಬಿಣ. ಒಗರು ಜಾಸ್ತಿ ಇರುವ ಮರಕ್ಕೆ ಕಬ್ಬಿಣದ ಚೂರು ಮತ್ತು ನೀರು ಸೇರಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಹಳೆಯ ಕಾಲದ ಶಾಯಿ ಮಾಡುತ್ತಿದ್ದುದೂ ಹೀಗೇ. ಸ್ಟೀಲ್ ಉಣ್ಣೆಯಿಂದ ಉಜ್ಜಿದಾಗ ಉಳಿದ ಚೂರುಗಳು ಮೊದಲ ತೊಳೆತಕ್ಕೇ ಚುಕ್ಕೆಯಾಗಿ ಅರಳುತ್ತವೆ.

ಯಾವುದು ಎಂದು ತಿಳಿಯಲು ಹತ್ತಿಯ ತುದಿಯಲ್ಲಿ ಒಂದೇ ಒಂದು ಚುಕ್ಕೆಗೆ ಬ್ಲೀಚ್ ಮುಟ್ಟಿಸಿ. ಕೆಲವು ನಿಮಿಷದಲ್ಲಿ ಮಾಸಿದರೆ ಬೂಷ್ಟು. ಹಾಗೇ ಉಳಿದರೆ ಕಬ್ಬಿಣ ಇರಬೇಕು, ಅದಕ್ಕೆ ಆಕ್ಸಾಲಿಕ್ ಆಮ್ಲದ ನೀರು ಮದ್ದು. ಆದರೆ ಬ್ಲೀಚ್ ಹಾಕಿದ ಬಟ್ಟಲನ್ನು ಚೆನ್ನಾಗಿ ತೊಳೆದು ಒಣಗಿಸದೆ ಆಮ್ಲ ಮುಟ್ಟಿಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಕ್ಸಾಲಿಕ್ ಆಮ್ಲವೂ ವಿಷ, ಕೈಗವಸು ಬೇಕು. ಕೆಲಸ ಆದ ಮೇಲೆ ಎರಡು ಮೂರು ಸಲ ತೊಳೆಯಿರಿ. ಒಣಗಿದ ಮೇಲೆ ಉಜ್ಜುವಾಗ ಧೂಳು ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಳ್ಳಿ.

ಎಣ್ಣೆ ಬೆವರುವುದು

ರಂಧ್ರ ದೊಡ್ಡದಿರುವ ಮರಗಳಲ್ಲಿ ಒರೆಸಿದ ಅರ್ಧ ಗಂಟೆಗೆ ಸಣ್ಣ ಹನಿಗಳು ಮತ್ತೆ ಮೇಲೆ ಬಂದು ಕೂರುತ್ತವೆ. ಆಗಾಗ ಬಂದು ಒರೆಸುತ್ತಿರಿ, ನಿಲ್ಲುವ ತನಕ. ಸಂಜೆ ಹಚ್ಚಿ ಮಲಗಿಬಿಟ್ಟರೆ ಬೆಳಗ್ಗೆ ಹನಿಗಳು ಗಟ್ಟಿಯಾಗಿರುತ್ತವೆ. ಎಣ್ಣೆಯ ಕೆಲಸ ಬೆಳಗ್ಗೆಯೇ ಶುರು ಮಾಡುವುದು ಇದಕ್ಕೇ.

ಬಿರುಕು, ಸಿಪ್ಪೆ

ಪದರ ಸಿಪ್ಪೆಯಂತೆ ಏಳುತ್ತಿದ್ದರೆ, ಗೋಡೆಯಲ್ಲಿ ಬಿರುಕು ಕಂಡರೆ ಫಿನಿಶ್ ಬದಲಿಸಿ ಪ್ರಯೋಜನ ಇಲ್ಲ. ಮರ ಹಸಿ ಇತ್ತು. ಒಣಗುವ ಮರ ಉಂಗುರಗಳ ಗುಂಟ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ. ಹಾಗಾಗಿ ದುಂಡು ಬಟ್ಟಲು ಮೊಟ್ಟೆಯಾಕಾರಕ್ಕೆ ಬರುತ್ತದೆ, ಬಿರುಸಾದ ಪದರ ಅದರ ಜೊತೆ ಬಾಗಲಾರದೆ ಬಿಡುತ್ತದೆ. ಹಸಿ ಮರವನ್ನು ಮೊದಲು ದಪ್ಪಗೆ ಕಡೆದಿಡುತ್ತಾರೆ, ಅಗಲದ ಹತ್ತನೇ ಒಂದರಷ್ಟು ಗೋಡೆ ಬಿಟ್ಟು. 240 ಮಿಲಿಮೀಟರ್ ಬಟ್ಟಲಿಗೆ 24 ಮಿಲಿಮೀಟರ್ ಗೋಡೆ. ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ತೂಕವನ್ನು ತಳದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಎರಡನೇ ಸಲ ಕಡೆದು, ಆಮೇಲೆ ಫಿನಿಶ್.

ಹಾಗಾದರೆ ಮುಂದಿನ ಸಲ ಏನು ಹಚ್ಚಲಿ?

ದಿನಾ ಊಟಕ್ಕೆ, ತೊಳೆಯಲು ಬಳಸುವ ಬಟ್ಟಲಿಗೆ ಗಟ್ಟಿ ಪದರ ನನಗೆ ಇಷ್ಟ ಇಲ್ಲ. ಚಮಚ ತಾಗಿ ಗೀರು ಬಿದ್ದರೆ ಅಲ್ಲಿಂದ ನೀರು ಒಳಗೆ ಹೋಗುತ್ತದೆ, ರಿಪೇರಿ ಕಷ್ಟ. ಔಷಧಿ ದರ್ಜೆಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ ಹಚ್ಚಿದರೆ ಸಾಕು. ಒಣಗುವುದಿಲ್ಲ, ಕಮಟುವುದೂ ಇಲ್ಲ. ಮಂಕಾದಾಗ ಮತ್ತೆ ಹಚ್ಚುವ ಕೆಲಸ ಮಾತ್ರ ತಪ್ಪಿದ್ದಲ್ಲ. ಅಷ್ಟು ಪುರುಸೊತ್ತಿಲ್ಲದವರಿಗೆ ಶುದ್ಧ ಟಂಗ್ ಎಣ್ಣೆ ವಾಸಿ, ತಿಂಗಳು ಕಾಯುವ ತಾಳ್ಮೆ ಇದ್ದರೆ. ಆದರೆ ಲೇಬಲ್ ಪೂರ್ತಿ ಓದಿ. ‘ಟಂಗ್ ಆಯಿಲ್ ಫಿನಿಶ್’ ಎಂದು ಬರೆದ ಎಷ್ಟೋ ಡಬ್ಬಿಗಳಲ್ಲಿ ಇರುವುದು ತೆಳು ಮಾಡಿದ ವಾರ್ನಿಶ್. ‘ಡೇನಿಶ್ ಆಯಿಲ್’ ಎಂಬುದಕ್ಕೂ ಇಂಥದ್ದೇ ಪಾಕ ಎಂದಿಲ್ಲ, ಎಣ್ಣೆ, ವಾರ್ನಿಶ್, ಥಿನ್ನರ್‌ಗಳ ಮಿಶ್ರಣ, ಮಾಡುವವರಿಗೆ ತಕ್ಕ ಹಾಗೆ. ಅಕ್ರೋಟು ಎಣ್ಣೆಯೂ ಒಳ್ಳೆಯದೇ, ಆದರೆ ಆ ಕಾಯಿ ಒಗ್ಗದವರು ಇರುತ್ತಾರೆ. ಉಡುಗೊರೆ ಕೊಡುವ ಬಟ್ಟಲಿಗೆ ನಾನು ಹಚ್ಚುವುದಿಲ್ಲ.

ಬರೀ ಅಂದಕ್ಕೆ ಇಡುವ ಬಟ್ಟಲಿಗೆ ಅರಗು, ಲ್ಯಾಕರ್, ಯಾವುದಾದರೂ ಸರಿ.

ಯಾವುದನ್ನೇ ಆರಿಸಿದರೂ ಕಡೆಯುವಾಗ ಕತ್ತರಿಸಿ ಬಿಸಾಡುವ ಮೂಲೆಯ ತುಂಡೊಂದನ್ನು ಎತ್ತಿಡಿ. ಬಟ್ಟಲಿಗೆ ಉಜ್ಜಿದ ಅದೇ ಕಾಗದಗಳಿಂದ ಅದನ್ನೂ ಉಜ್ಜಿ, ಎಣ್ಣೆಯನ್ನು ಮೊದಲು ಅದಕ್ಕೆ ಹಚ್ಚಿ. ಹಿಂದುಗಡೆ ತಾರೀಕು ಬರೆದು ಕಿಟಕಿಯ ಮೇಲೆ ಇಡಿ. ಒಂದು ವಾರದ ಮೇಲೆ ಹೆಬ್ಬೆರಳು ಒತ್ತಿ ನೋಡಿ. ಅಚ್ಚು ಬೀಳದಿದ್ದರೆ ಬಟ್ಟಲನ್ನು ಹೊರಗೆ ತೆಗೆಯಬಹುದು.